ಸೋಡಿಯಂ ಬ್ಯಾಟರಿ ಬಂತು ಸರಿ, ‘ಸಾಲಿಡ್ ಸ್ಟೇಟ್’ ಸೋಡಿಯಂ ಎಲ್ಲಿವರೆಗೆ ಬಂತು?

2025ರಲ್ಲಿ ಸೋಡಿಯಂ ಬ್ಯಾಟರಿ ಬಗ್ಗೆ ಬಂದ ಸುದ್ದಿಗಳನ್ನ ಒಂದರ ಹಿಂದೆ ಒಂದು ಓದಿದ್ರೆ ತಲೆ ಕೆಡೋದು ಗ್ಯಾರಂಟಿ. ಮಾರ್ಚಲ್ಲಿ ಸ್ವೀಡನ್ನಿನ ನಾರ್ತ್‌ವೋಲ್ಟ್ ದಿವಾಳಿ ಎದ್ದಿತು, 2023ರ ಕೊನೇಲಷ್ಟೇ ಸೋಡಿಯಂ ಸೆಲ್ ತೋರಿಸಿ ಯುರೋಪಿಗೆಲ್ಲ ಆಸೆ ಹುಟ್ಟಿಸಿದ್ದ ಕಂಪನಿ ಅದು. ಏಪ್ರಿಲಲ್ಲಿ ಚೀನಾದ ಸಿಎಟಿಎಲ್ ‘ನ್ಯಾಕ್ಸ್‌ಟ್ರಾ’ ಅಂತ ಸೋಡಿಯಂ ಬ್ಯಾಟರಿ ತಂದು ಕೆಜಿಗೆ 175 ವ್ಯಾಟ್-ಅವರ್, ಮೈನಸ್ 40 ಡಿಗ್ರಿಲೂ ಓಡತ್ತೆ ಅಂತು. ಮೇ ತಿಂಗಳಲ್ಲಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ತಂಡದ್ದು ಆರು ನಿಮಿಷಕ್ಕೆ 80 ಪರ್ಸೆಂಟ್ ಚಾರ್ಜ್ ಆಗೋ ಸೋಡಿಯಂ ಬ್ಯಾಟರಿ ಅಂತ ಸುದ್ದಿ ಆಯ್ತು. ಸೆಪ್ಟೆಂಬರಲ್ಲಿ ಅಮೆರಿಕದ ಸೋಡಿಯಂ ಬ್ಯಾಟರಿ ಕಂಪನಿ ನೇಟ್ರಾನ್ ಬಾಗಿಲು ಮುಚ್ಚಿತು, ಅದೇ ತಿಂಗಳು ಶಿಕಾಗೊ ಯೂನಿವರ್ಸಿಟಿಯ ಶರ್ಲಿ ಮೆಂಗ್ ಗುಂಪು ಪೂರ್ತಿ ಘನರೂಪದ ಸೋಡಿಯಂ ಬ್ಯಾಟರಿ ರೂಮಿನ ಉಷ್ಣಾಂಶದಲ್ಲಿ ಮಾತ್ರ ಅಲ್ಲ ಸೊನ್ನೆಗಿಂತ ಕೆಳಗೂ ಕೆಲಸ ಮಾಡ್ತು ಅಂತ ಪೇಪರ್ ಹಾಕ್ತು.

ಹಾಗಾದ್ರೆ ಸೋಡಿಯಂ ಗೆಲ್ತಿದ್ಯಾ ಸೋಲ್ತಿದ್ಯಾ? ಅದು ಸಾಲಿಡ್ ಸ್ಟೇಟಾ ಅಲ್ವಾ? ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಇದೆಲ್ಲಾ ಕಲಸಿ ‘ಉಪ್ಪಿನಿಂದ ಓಡೋ, ಬೆಂಕಿನೇ ಹತ್ತದ ಬ್ಯಾಟರಿ’ ಅಂತ ಆಗಿಬಿಟ್ಟಿದೆ.

ಇಲ್ಲಿರೋದು ಎರಡು ಬೇರೆ ಬೇರೆ ಕತೆ

ಮೊದಲು ಇದನ್ನ ಬಿಡಿಸ್ಕೋಬೇಕು. ಸೋಡಿಯಂ ಅನ್ನೋದು ಬ್ಯಾಟರಿ ಒಳಗೆ ಆಕಡೆ ಈಕಡೆ ಓಡಾಡೋ ಅಯಾನ್ (ಚಾರ್ಜ್ ಇರೋ ಪರಮಾಣು) ಯಾವುದು ಅನ್ನೋ ಪ್ರಶ್ನೆ. ಸಾಲಿಡ್ ಸ್ಟೇಟ್ ಅನ್ನೋದು ಆ ಅಯಾನ್ ಯಾವುದರ ಮೂಲಕ ಓಡಾಡತ್ತೆ ಅನ್ನೋ ಪ್ರಶ್ನೆ. ಇವತ್ತು ಮಾರ್ಕೆಟ್ಟಲ್ಲಿ ಸಿಗೋ ಸೋಡಿಯಂ ಬ್ಯಾಟರಿಗಳ ಒಳಗೆ ಇರೋದು ದ್ರವನೇ, ಅಂದ್ರೆ ಸಾವಯವ ದ್ರಾವಕದಲ್ಲಿ ಸೋಡಿಯಂ ಲವಣ ಕರಗಿಸಿದ ಎಲೆಕ್ಟ್ರೋಲೈಟ್. ನ್ಯಾಕ್ಸ್‌ಟ್ರಾನೂ ಅಷ್ಟೇ, 2024ರ ಜೂನಲ್ಲಿ ಚೀನಾದ ಹುಬೇಯಲ್ಲಿ ಶುರುವಾದ 100 ಮೆಗಾವ್ಯಾಟ್-ಅವರ್ ಸೋಡಿಯಂ ಸ್ಟೋರೇಜೂ ಅಷ್ಟೇ. ಜಕ್ಕೂರಿನ ಕೆಲಸ ಎಲೆಕ್ಟ್ರೋಡ್, ಅಂದ್ರೆ ಸೆಲ್ಲಿನ ಎರಡು ತುದಿಗಳ ಬಗ್ಗೆ, ಅಲ್ಲಿ ‘ನ್ಯಾಸಿಕಾನ್’ ಅನ್ನೋ ಸೆರಾಮಿಕ್ ಕುಟುಂಬದ ಹೆಸರು ಬಂದಿದ್ದಕ್ಕೆ ತುಂಬಾ ಜನ ಅದನ್ನ ಸಾಲಿಡ್ ಸ್ಟೇಟ್ ಅಂದ್ಕೊಂಡ್ರು, ಯಾಕಂದ್ರೆ ಅದೇ ಕುಟುಂಬದ ಇನ್ನೊಂದು ವಸ್ತು ಘನ ಎಲೆಕ್ಟ್ರೋಲೈಟ್ ಆಗಿ ಫೇಮಸ್ಸು. ಶಿಕಾಗೊದ್ದು ನಿಜವಾಗ್ಲೂ ಘನ, ಆದ್ರೆ ಅದು ಬೋರಾನ್-ಹೈಡ್ರೋಜನ್ ಇರೋ ಒಂದು ಅಕಾರ್ಬನಿಕ ವಸ್ತು, ಲ್ಯಾಬಲ್ಲಿದೆ.

ಇವೆರಡೂ ಕತೆ ಸೇರೋ ಜಾಗದಲ್ಲಿ ಕೂತಿರೋದು ಪಾಲಿಮರ್ ಎಲೆಕ್ಟ್ರೋಲೈಟ್, ಅಂದ್ರೆ ಪ್ಲಾಸ್ಟಿಕ್ಕಿನಂಥ ಒಂದು ತೆಳು ಹಾಳೆ. ಸುದ್ದೀಲಿ ಇದರ ಹೆಸರೇ ಬರಲ್ಲ. ಆದ್ರೆ ಫ್ಯಾಕ್ಟ್ರಿಲಿ ಕಿಲೋಮೀಟರ್‌ಗಟ್ಟಲೆ ಉದ್ದದ ರೋಲ್ ಮಾಡೋಕೆ ಆಗೋ ಘನ ಎಲೆಕ್ಟ್ರೋಲೈಟ್ ಅಂದ್ರೆ ಸದ್ಯಕ್ಕೆ ಇದೊಂದೇ ಸಲೀಸು, ಹಾಗಾಗಿ ಇದು ಆಗತ್ತೋ ಇಲ್ವೋ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ.

ಸೋಡಿಯಂ ಯಾಕೆ ಬೇಕು

ಇದು ಬಹಳ ಜನಕ್ಕೆ ಗೊತ್ತಿರೋದೇ. ಭೂಮಿಯ ಹೊರಪದರದಲ್ಲಿ ಸೋಡಿಯಂ ಎರಡು ಪರ್ಸೆಂಟಿಗಿಂತ ಜಾಸ್ತಿ ಇದೆ, ಲೀಥಿಯಂ ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗ. ಮಂಡ್ಯದ ಅಲ್ಲಾಪಟ್ಟಣ-ಮರಳಗಾಲ ಕಡೆ ಲೀಥಿಯಂ ಸಿಕ್ತು ಅಂತ 2020ರಲ್ಲಿ 14,100 ಟನ್ನಿನ ಅಂದಾಜು ಬಂದಾಗ ಎಷ್ಟು ಸಂಭ್ರಮ ಆಯ್ತು, ಆಮೇಲೆ ಅಧಿಕೃತ ಲೆಕ್ಕ ಇಳಿದು 1,600 ಟನ್ನಿಗೆ ಬಂತು. ಜೊತೆಗೆ ಸೋಡಿಯಂ ಅಲ್ಯೂಮಿನಿಯಂ ಜೊತೆ ಬೆರೆಯಲ್ಲ, ಹಾಗಾಗಿ ಲೀಥಿಯಂ ಸೆಲ್ಲಲ್ಲಿ ಆನೋಡ್ (ಋಣ ತುದಿ) ಕಡೆ ಹಾಕಲೇಬೇಕಾದ ತಾಮ್ರದ ಹಾಳೆ ಬದಲು ಇಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ಹಾಳೆನೇ ನಡೆಯತ್ತೆ. ಆನೋಡಿಗೆ ಬೇಕಾದ ಹಾರ್ಡ್ ಕಾರ್ಬನ್ನನ್ನ ತೆಂಗಿನ ಚಿಪ್ಪಿನಿಂದಲೂ ಮಾಡ್ತಾರೆ, ತಿಪಟೂರಿನೋರು ಗಮನಿಸಬೇಕು.

ತೂಕ ಮಾತ್ರ ಕಷ್ಟ. ಸೋಡಿಯಂ ಪರಮಾಣು ಲೀಥಿಯಮ್ಮಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಮೇಲಿಂದ ವೋಲ್ಟೇಜ್ ಸುಮಾರು 0.3 ವೋಲ್ಟ್ ಕಮ್ಮಿ. ಸೋಡಿಯಂ ಕಂಪನಿಗಳು ಬಿದ್ದಿದ್ದಕ್ಕೆ ಕೆಮಿಸ್ಟ್ರಿಗಿಂತ ಲೀಥಿಯಂ ರೇಟೇ ದೊಡ್ಡ ಕಾರಣ ಅನ್ನಬೇಕು: 2022ರ ಕೊನೇಲಿ ಚೀನಾದಲ್ಲಿ ಲೀಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಇತ್ತು, 2025ರ ನಡುವಿನ ಹೊತ್ತಿಗೆ ಅದರ ಹತ್ತನೇ ಒಂದು ಭಾಗಕ್ಕೆ ಬಿತ್ತು. ಅಗ್ಗ ಅನ್ನೋ ಒಂದೇ ಬಂಡವಾಳ ಇಟ್ಕೊಂಡು ಬಂದೋರಿಗೆ ಎದುರಾಳಿನೇ ಅಗ್ಗ ಆಗಿಬಿಟ್ರೆ ಉಳಿಯೋದು ಏನು?

ಹಾಗಿದ್ಮೇಲೆ ಘನ ಯಾಕೆ ಮಾಡ್ಬೇಕು

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದವರೇ ಸಾಲಿಡ್ ಸ್ಟೇಟ್ ಕಡೆ ಬಂದಿದ್ದು. ಹಾರ್ಡ್ ಕಾರ್ಬನ್ ತೆಗೆದುಹಾಕಿ ಆನೋಡ್ ಜಾಗದಲ್ಲಿ ಸೋಡಿಯಂ ಲೋಹವನ್ನೇ ಇಟ್ರೆ ಗ್ರಾಮಿಗೆ 1,166 ಮಿಲಿಆಂಪ್-ಅವರ್ ಸಿಗತ್ತೆ, ಹಾರ್ಡ್ ಕಾರ್ಬನ್ನಲ್ಲಿ ಸಿಗೋದು ಸುಮಾರು 300. ತೂಕದ ಕೊರತೆ ಅಲ್ಲಿ ತುಂಬ್ಕೊಳ್ಳತ್ತೆ. ಆದ್ರೆ ಸೋಡಿಯಂ ಲೋಹ ದ್ರವ ಎಲೆಕ್ಟ್ರೋಲೈಟ್ ಮುಟ್ಟಿದ ಕೂಡಲೇ ರಿಯಾಕ್ಷನ್ ಶುರು. ಲೀಥಿಯಂ ಮೇಲೂ ಹೀಗೇ ಒಂದು ಪೊರೆ ಕಟ್ಟತ್ತೆ, ಆ ಪೊರೆನೇ ಮುಂದಿನ ರಿಯಾಕ್ಷನ್ ತಡೆಯತ್ತೆ, ಆದ್ರೆ ಸೋಡಿಯಮ್ಮಿನ ಪೊರೆ ಆ ದ್ರವದಲ್ಲೇ ಸ್ವಲ್ಪ ಸ್ವಲ್ಪ ಕರಗ್ತಾ ಇರತ್ತೆ, ಮತ್ತೆ ಹೊಸ ಪೊರೆ, ಮತ್ತೆ ಕರಗೋದು, ಹೀಗೆ ಪ್ರತಿ ಸಲ ಒಂದಿಷ್ಟು ಸೋಡಿಯಂ ಖರ್ಚಾಗ್ತಾ ಹೋಗತ್ತೆ. ಮೇಲಿಂದ ಲೋಹ ಸಮನಾಗಿ ಕೂರದೆ ಮುಳ್ಳು ಮುಳ್ಳಾಗಿ ಬೆಳೆದು ಆಚೆ ಕಡೆ ಮುಟ್ಟಿದ್ರೆ ಶಾರ್ಟ್. ಸುತ್ತ ಇರೋದು ಉರಿಯೋ ದ್ರವ.

ದ್ರವನೇ ಇಲ್ಲ ಅಂದ್ರೆ ಕರಗೋ ಕಾಟನೂ ಇಲ್ಲ, ಉರಿಯೋಕೆ ಸಾಮಾನೂ ಕಮ್ಮಿ. ಘನ ಎಲೆಕ್ಟ್ರೋಲೈಟ್ ಪರವಾಗಿರೋ ವಾದ ಇಷ್ಟೇ.

ಸೆರಾಮಿಕ್ ಹಾಕಬಹುದಲ್ಲ ಅಂತ ಕೇಳಬಹುದು. ಹಾಕಬಹುದು, 1976ರಲ್ಲೇ ಹಾಂಗ್ ಮತ್ತೆ ಗುಡ್‌ಇನಫ್ ನ್ಯಾಸಿಕಾನ್ ಮಾಡಿ ತೋರಿಸಿದ್ರು, ಸೋಡಿಯಂ ಅದರೊಳಗೆ ಚೆನ್ನಾಗೇ ಓಡತ್ತೆ. ಆದ್ರೆ ಅದನ್ನ ಸಾವಿರದ ಇನ್ನೂರು ಡಿಗ್ರಿ ಹತ್ತಿರ ಸುಡಬೇಕು, ತೆಳ್ಳಗೆ ಮಾಡಿದ್ರೆ ಒಡೆಯತ್ತೆ, ಮತ್ತೆ ಎಲೆಕ್ಟ್ರೋಡ್ ಉಬ್ಬಿ ಕುಗ್ಗೋವಾಗ ಎರಡರ ಮಧ್ಯೆ ಬಿರುಕು ಬಿಡತ್ತೆ, ಬಿರುಕು ಇರೋ ಕಡೆ ಅಯಾನ್ ದಾಟಲ್ಲ. ಪಾಲಿಮರ್ ಬಾಗತ್ತೆ, ಅಂಟ್ಕೊಂಡು ಕೂರತ್ತೆ.

1973ರ ಪ್ಲಾಸ್ಟಿಕ್ಕು

ಇದು ಹೊಸ ವಿಚಾರ ಏನಲ್ಲ. ಇಂಗ್ಲೆಂಡಿನ ಶೆಫೀಲ್ಡಲ್ಲಿ ಪೀಟರ್ ರೈಟ್ ಮತ್ತೆ ಅವರ ಜೊತೆಯವರು ಪಾಲಿಎಥಿಲೀನ್ ಆಕ್ಸೈಡ್ ಅನ್ನೋ ಪಾಲಿಮರಿಗೆ ಕ್ಷಾರ ಲೋಹಗಳ ಲವಣ ಬೆರೆಸಿದ್ರೆ ಎರಡೂ ಒಂದಾಗ್ತವೆ ಅಂತ 1973ರಲ್ಲಿ ಹೇಳಿದ್ರು. ಬೆರೆಸಿದ ಲವಣಗಳಲ್ಲಿ ಸೋಡಿಯಂದೂ ಇತ್ತು ಅನ್ನೋದು ಮಜಾ. 1978ರಲ್ಲಿ ಮಿಶೆಲ್ ಅರ್ಮಾಂಡ್ ಇದನ್ನ ಬ್ಯಾಟರೀಲಿ ಹಾಕೋಣ ಅಂದ್ರು. ಆಮೇಲೆ ಎಲ್ಲರೂ ಲೀಥಿಯಂ ಹಿಂದೆ ಹೋದ್ರು, ಸೋಡಿಯಂ ಪಾಲಿಮರ್ ಮೂಲೇಲಿ ಉಳೀತು.

ಲ್ಯಾಬಲ್ಲಿ ಇದನ್ನ ಮಾಡೋದು ನೋಡಿದ್ರೆ ಇಷ್ಟು ಸುಲಭನಾ ಅನ್ಸತ್ತೆ. ಬಿಳಿ ಪಾಲಿಮರ್ ಪುಡಿ, ಸೋಡಿಯಂ ಲವಣ, ಎರಡನ್ನೂ ಅಸಿಟೋನೈಟ್ರೈಲಲ್ಲಿ ಹಾಕಿ ಗಂಟೆಗಟ್ಟಲೆ ತಿರುಗಿಸ್ತಾರೆ, ಅಂಟಂಟಾಗಿ ಮಂದ ಆದ್ಮೇಲೆ ಟೆಫ್ಲಾನ್ ತಟ್ಟೆಗೆ ಸುರಿದು ಆರಲು ಬಿಡ್ತಾರೆ, ಆಮೇಲೆ ವ್ಯಾಕ್ಯೂಮಲ್ಲಿ ಒಣಗಿಸಿ ತೆಗೆದ್ರೆ ಮಸುಕು ಬಣ್ಣದ, ಎಳೆದ್ರೆ ಹಿಗ್ಗೋ ಹಾಳೆ ಏಳತ್ತೆ. ಕಷ್ಟ ಇರೋದು ತೇವದಲ್ಲಿ. ಲವಣನೂ ಪಾಲಿಮರೂ ಎರಡೂ ಗಾಳಿಯಿಂದ ನೀರು ಎಳ್ಕೊಳ್ತವೆ, ಸೋಡಿಯಮ್ಮಿಗೆ ನೀರು ಕಂಡ್ರೆ ಆಗಲ್ಲ, ಹಾಗಾಗಿ ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್ ಒಳಗೇ ಸೆಲ್ ಜೋಡಿಸ್ಬೇಕು.

ಈ ಹಾಳೆ ಒಳಗೆ ಸೋಡಿಯಂ ಹೇಗೆ ಓಡತ್ತೆ ಅನ್ನೋದೇ ಇಡೀ ಸಮಸ್ಯೆಯ ಬೇರು. ಪಾಲಿಮರ್ ಸರಪಳೀಲಿ ಎರಡು ಕಾರ್ಬನ್ನಿಗೊಂದು ಆಕ್ಸಿಜನ್ ಇರತ್ತೆ. ಅಂಥ ನಾಲ್ಕಾರು ಆಕ್ಸಿಜನ್ನುಗಳು ಸೇರಿ ಒಂದು ಸೋಡಿಯಂ ಅಯಾನನ್ನ ಸುತ್ತುವರೆದು ಹಿಡ್ಕೊಂಡಿರ್ತವೆ. ಸರಪಳಿ ಸುಮ್ಮನೆ ಇರಲ್ಲ, ಶಾಖಕ್ಕೆ ಅದರ ತುಂಡು ತುಂಡು ಭಾಗ ಅಲ್ಲಾಡ್ತಾ ಇರತ್ತೆ, ಹಾಗೆ ಅಲ್ಲಾಡೋವಾಗ ಒಂದು ಆಕ್ಸಿಜನ್ ಕೈ ಬಿಡತ್ತೆ, ಪಕ್ಕದ ಇನ್ನೊಂದು ಹಿಡಿಯತ್ತೆ, ಅಯಾನ್ ಒಂದು ಹೆಜ್ಜೆ ಮುಂದೆ ಹೋಗತ್ತೆ. ಅಂದ್ರೆ ಸರಪಳಿ ಅಲ್ಲಾಡದಿದ್ರೆ ಅಯಾನ್ ಹೋಗಲ್ಲ. ಮತ್ತೆ ಸರಪಳಿ ಚೆನ್ನಾಗಿ ಅಲ್ಲಾಡ್ಬೇಕು ಅಂದ್ರೆ ಹಾಳೆ ಮೆತ್ತಗಿರ್ಬೇಕು. ಆದ್ರೆ ಮುಳ್ಳು ಮುಳ್ಳಾಗಿ ಬೆಳೆಯೋ ಸೋಡಿಯಂ ತಡೆಯೋಕೆ ಹಾಳೆ ಗಟ್ಟಿ ಇರ್ಬೇಕು! ಐವತ್ತು ವರ್ಷದಿಂದ ಈ ರಂಗದಲ್ಲಿ ನಡೆದಿರೋ ಹೆಚ್ಚುಕಮ್ಮಿ ಎಲ್ಲಾ ಕೆಲಸ ಈ ಎರಡರ ಮಧ್ಯೆ ಎಲ್ಲಿ ನಿಲ್ಲಬೇಕು ಅನ್ನೋ ಹುಡುಕಾಟನೇ.

ಪಾಲಿಎಥಿಲೀನ್ ಆಕ್ಸೈಡಿಗೆ ಇನ್ನೂ ಒಂದು ಚಾಳಿ ಇದೆ. ಚಳಿಗಾಲದ ಬೆಳಿಗ್ಗೆ ತುಪ್ಪ ಹರಳುಗಟ್ಟೋ ಹಾಗೆ ಇದು ಸುಮಾರು 60 ಡಿಗ್ರಿ ಕೆಳಗೆ ಹರಳುಗಟ್ಟತ್ತೆ, ಹರಳಾದ ಭಾಗದಲ್ಲಿ ಸರಪಳಿ ಅಲ್ಲಾಡಲ್ಲ, ಅಯಾನ್ ಸಿಕ್ಕಾಕ್ಕೊಳ್ಳತ್ತೆ. ಹಾಗಾಗಿ ರೂಮಿನ ಉಷ್ಣಾಂಶದಲ್ಲಿ ಇದರ ವಾಹಕತೆ ದ್ರವಕ್ಕಿಂತ ಸಾವಿರಾರು ಪಟ್ಟು ಕಮ್ಮಿ. 80 ಡಿಗ್ರಿಗೆ ಕಾಯಿಸಿದ್ರೆ ದ್ರವದ ಹತ್ತನೇ ಒಂದು ಭಾಗದ ಆಸುಪಾಸಿಗೆ ಬರತ್ತೆ, ಅಷ್ಟಾದ್ರೆ ಕೆಲಸ ನಡೆಯತ್ತೆ. ರಾಯಚೂರಿನ ಮೇ ತಿಂಗಳೂ 45ರ ಆಸುಪಾಸಿಗೇ ನಿಲ್ಲತ್ತೆ, ಹಾಗಾಗಿ ನಮ್ಮ ಬಿಸಿಲಿಗೆ ತಾನಾಗೇ ಸರಿಹೋಗತ್ತೆ ಅನ್ನೋ ಹಾಗೂ ಇಲ್ಲ.

ವಾಹಕತೆ ನಂಬರ್ ಒಂದೇ ನೋಡಿದ್ರೂ ಸಾಲದು. ಕರೆಂಟ್ ಹರಿಯೋವಾಗ ಓಡಬೇಕಾದ್ದು ಸೋಡಿಯಂ, ಆದ್ರೆ ಈ ಹಾಳೇಲಿ ಅದರ ಜೊತೆಗಿರೋ ಋಣ ಅಯಾನೇ ಜಾಸ್ತಿ ಓಡತ್ತೆ, ಸೋಡಿಯಮ್ಮಿನ ಪಾಲು ಅರ್ಧಕ್ಕಿಂತ ಕಮ್ಮಿ. ಹೀಗಾಗಿ ಸ್ವಲ್ಪ ಹೊತ್ತಲ್ಲಿ ಲವಣ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಖಾಲಿ. ಖಾಲಿ ಆದ ಕಡೆನೇ ಮುಳ್ಳು ಬೆಳೆಯೋದು. ಫಾಸ್ಟ್ ಚಾರ್ಜಿಂಗಿಗೂ ಪಾಲಿಮರಿಗೂ ಆಗಿಬರಲ್ಲ ಅನ್ನೋದಕ್ಕೆ ಇದೇ ಕಾರಣ.

ಪ್ಯಾರಿಸ್ಸಿನ ಕಾರು ಕಲಿಸಿದ್ದು

ಕಾಯಿಸಿದ್ರೆ ಆಯ್ತಲ್ಲ ಅಂತ ನಿಜವಾಗ್ಲೂ ಮಾಡಿ ನೋಡಿದೋರು ಫ್ರಾನ್ಸಿನ ಬೊಲೋರೆ ಕಂಪನಿಯೋರು. 2011ರಿಂದ 2018ರವರೆಗೆ ಪ್ಯಾರಿಸ್ಸಲ್ಲಿ ಆಟೋಲಿಬ್ ಅನ್ನೋ ಬಾಡಿಗೆ ಕಾರುಗಳು ಓಡಿದ್ವು, ಒಳಗಿದ್ದಿದ್ದು 30 ಕಿಲೋವ್ಯಾಟ್-ಅವರಿನ ಲೀಥಿಯಂ ಲೋಹ-ಪಾಲಿಮರ್ ಬ್ಯಾಟರಿ. ಬ್ಯಾಟರಿ ಬಿಸಿ ಇಡ್ಬೇಕಿತ್ತು, ಹಾಗಾಗಿ ಕಾರು ನಿಂತಿದ್ರೂ ಪ್ಲಗ್ ಹಾಕೇ ಇರ್ಬೇಕು. ದಿನಾ ಓಡಾಡೋ ಬಸ್ಸಿಗೆ ಇದು ಪರವಾಗಿಲ್ಲ, ಮನೆ ಮುಂದೆ ವಾರಗಟ್ಟಲೆ ನಿಲ್ಲೋ ಕಾರಿಗೆ ಆಗಲ್ಲ. ಬಸ್ಸಲ್ಲೂ ಎಲ್ಲಾ ಸರಿ ಹೋಗ್ಲಿಲ್ಲ: 2022ರ ಏಪ್ರಿಲಲ್ಲಿ ಅದೇ ಗುಂಪಿನ ಎರಡು ಬಸ್ಸಿಗೆ ಪ್ಯಾರಿಸ್ಸಲ್ಲಿ ಬೆಂಕಿ ಬಿತ್ತು, ಸಾರಿಗೆ ಸಂಸ್ಥೆ 149 ಬಸ್ಸುಗಳನ್ನ ತಾತ್ಕಾಲಿಕವಾಗಿ ನಿಲ್ಲಿಸ್ತು. ‘ಘನ ಅಂದ್ರೆ ಬೆಂಕಿ ಇಲ್ಲ’ ಅನ್ನೋರು ಇದನ್ನ ನೆನಪಿಟ್ಕೋಬೇಕು. ಪಾಲಿಮರೂ ಸಾವಯವ ವಸ್ತುನೇ, ಸುಡತ್ತೆ, ಪಕ್ಕದಲ್ಲಿರೋ ಲೋಹ ಅಂತೂ ಕೇಳೋದೇ ಬೇಡ.

ಈಗ ಇದೇ ದಾರಿಲಿ ಸೋಡಿಯಂ ಹಾಕಿ ನೋಡಿ. ಲೀಥಿಯಂ ಕರಗೋದು ಸುಮಾರು 180 ಡಿಗ್ರಿಗೆ, ಸೋಡಿಯಂ ಕರಗೋದು 98 ಡಿಗ್ರಿಗೆ. ಬ್ಯಾಟರಿನ 80ರಲ್ಲಿ ಓಡಿಸ್ತೀವಿ ಅಂದ್ರೆ ಮಧ್ಯೆ ಉಳಿಯೋದು ಹದಿನೆಂಟು ಡಿಗ್ರಿ, ಒಂದು ಸೆಲ್ ಸ್ವಲ್ಪ ಜಾಸ್ತಿ ಬಿಸಿ ಆದ್ರೂ ಒಳಗಿನ ಲೋಹ ದ್ರವ ಆಗಿಬಿಡತ್ತೆ. ಲೀಥಿಯಮ್ಮಲ್ಲಿ ಕಾಯಿಸಿ ತಪ್ಪಿಸ್ಕೊಂಡ ಹಾಗೆ ಸೋಡಿಯಮ್ಮಲ್ಲಿ ತಪ್ಪಿಸ್ಕೊಳ್ಳೋಕಾಗಲ್ಲ, ಇಲ್ಲಿ ರೂಮಿನ ಉಷ್ಣಾಂಶಕ್ಕೆ ಕೆಲಸ ಮಾಡೋ ಪಾಲಿಮರೇ ಬೇಕು. ನನ್ನ ಪ್ರಕಾರ ಇಡೀ ಚರ್ಚೇಲಿ ಅತಿ ಕಡಿಮೆ ಮಾತಾಡೋ, ಅತಿ ಮುಖ್ಯವಾದ ನಂಬರ್ ಈ 98.

ಹಾಗಾದ್ರೆ ದಾರಿ ಏನೇನಿದೆ

ಒಂದು ದಾರಿ, ಮೋಸ ಮಾಡೋದು. ಅಂದ್ರೆ ಪಾಲಿಮರಿಗೆ ಸ್ವಲ್ಪ ದ್ರವ ಕುಡಿಸಿ ಜೆಲ್ ಮಾಡೋದು. ಪಿವಿಡಿಎಫ್ ಜಾತಿಯ ಪಾಲಿಮರಲ್ಲಿ ಇದು ಚೆನ್ನಾಗಿ ಆಗತ್ತೆ, ವಾಹಕತೆ ದ್ರವದ ಹತ್ತಿರಕ್ಕೇ ಬರತ್ತೆ. ಇನ್ನೂ ಜಾಣತನ ಅಂದ್ರೆ ಸೆಲ್ ಒಳಗೆ ಮಾಮೂಲಿನ ಹಾಗೆ ತೆಳು ದ್ರಾವಣ ಸುರಿದು, ಸೀಲ್ ಮಾಡಿ, ಆಮೇಲೆ ಬಿಸಿ ಮಾಡಿ ಅಲ್ಲೇ ಹೆಪ್ಪುಗಟ್ಟಿಸೋದು. ಈಗಿರೋ ದ್ರವದ ಫ್ಯಾಕ್ಟ್ರಿಲೇ ಇದನ್ನ ಮಾಡಬಹುದು, ಹಾಗಾಗಿ ಕಂಪನಿಗಳಿಗೆ ಇದು ಇಷ್ಟ. ಆದ್ರೆ ಇದನ್ನ ಸಾಲಿಡ್ ಸ್ಟೇಟ್ ಅನ್ನಬಹುದಾ? ಜಾಹೀರಾತಲ್ಲಿ ಅಂತಾರೆ. ಈ ಗೊಂದಲ ಎಷ್ಟು ಜಾಸ್ತಿ ಆಯ್ತು ಅಂದ್ರೆ ಚೀನಾದ ಆಟೊಮೊಬೈಲ್ ಇಂಜಿನಿಯರುಗಳ ಸಂಘ 2025ರ ಮೇಯಲ್ಲಿ ಯಾವುದನ್ನ ‘ಪೂರ್ತಿ ಘನ’ ಅನ್ನಬೇಕು ಅಂತ ಒಂದು ಸ್ಟ್ಯಾಂಡರ್ಡೇ ತಂತು.

ಎರಡನೇದು ನ್ಯಾಸಿಕಾನ್ ಪುಡಿನ ಪಾಲಿಮರಲ್ಲಿ ಕಲಸೋದು. ಪುಡಿ ಹರಳುಗಟ್ಟೋದನ್ನ ತಡೆಯತ್ತೆ, ಹಾಳೆಗೆ ಗಟ್ಟಿತನನೂ ಬರತ್ತೆ. ತೀರಾ ಜಾಸ್ತಿ ಹಾಕಿದ್ರೆ ಉಂಡೆ ಕಟ್ಟಿ ಮತ್ತೆ ಒಡೆಯೋ ಹಾಳೆನೇ ಆಗತ್ತೆ. ಪಾಲಿಮರ್ ಕೆಲಸ ಅಂತ ಹೆಸರಲ್ಲಿ ಬರೋ ಪೇಪರುಗಳಲ್ಲಿ ದೊಡ್ಡ ಪಾಲು ಇದೇ ತರದ್ದು.

ಇನ್ನೊಂದು, ಪಾಲಿಎಥಿಲೀನ್ ಆಕ್ಸೈಡನ್ನೇ ಬಿಡೋದು. ಸ್ವೀಡನ್ನಿನ ಉಪ್ಸಾಲಾದಲ್ಲಿ ಬ್ರಾಂಡೆಲ್, ಮಿಂಡೆಮಾರ್ಕ್ ಅವರ ಗುಂಪು ಪಾಲಿಕಾರ್ಬೊನೇಟ್, ಪಾಲಿಎಸ್ಟರ್ ಜಾತಿಯ ಪಾಲಿಮರ್ ಹಿಡ್ಕೊಂಡು ಬಹಳ ವರ್ಷ ಕೆಲಸ ಮಾಡಿದೆ. ಇವು ಅಯಾನನ್ನ ಅಷ್ಟು ಬಿಗಿಯಾಗಿ ಹಿಡಿಯಲ್ಲ, ಹಾಗಾಗಿ ಓಡೋದ್ರಲ್ಲಿ ಧನ ಅಯಾನಿನ ಪಾಲು ಏರತ್ತೆ. ಇಲ್ಲಿ ಸೋಡಿಯಮ್ಮಿಗೆ ಒಂದು ಸಣ್ಣ ಅನುಕೂಲನೂ ಇದೆ, ಅದು ಲೀಥಿಯಮ್ಮಿಗಿಂತ ಗಾತ್ರದಲ್ಲಿ ದೊಡ್ಡದು, ಚಾರ್ಜ್ ಹರಡ್ಕೊಂಡಿರತ್ತೆ, ಆಕ್ಸಿಜನ್ ಜೊತೆ ಅಂಟು ಕಮ್ಮಿ. 2022ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತೆ ಡೀಕಿನ್ ಯೂನಿವರ್ಸಿಟಿಯವರು ಫ್ಲೋರಿನ್ ತುಂಬಿದ ಬ್ಲಾಕ್ ಪಾಲಿಮರ್ (ಬೇರೆ ಬೇರೆ ಪಾಲಿಮರ್ ತುಂಡು ಜೋಡಿಸಿ ಮಾಡಿದ್ದು) ಹಾಕಿ ಸೋಡಿಯಂ ಲೋಹದ ಸೆಲ್ ಬಹಳ ಕಾಲ ಓಡಿಸಿ ತೋರಿಸಿದ್ರು, ಅದು ಕೂಡ ಬಿಸಿ ಮಾಡಿನೇ.

ಋಣ ಅಯಾನನ್ನ ಸರಪಳಿಗೇ ಕಟ್ಟಿಹಾಕಿ ಸೋಡಿಯಂ ಮಾತ್ರ ಓಡೋ ಹಾಗೆ ಮಾಡೋದೂ ಒಂದು ದಾರಿ. ಗುಡ್ಡೆ ಬೀಳೋ ಸಮಸ್ಯೆ ಹೋಗತ್ತೆ, ಒಟ್ಟು ವಾಹಕತೆನೂ ಹೋಗತ್ತೆ.

ಬೇಕು ಅನ್ನೋರು, ಬೇಡ ಅನ್ನೋರು

ಪರ ಇರೋರ ವಾದ ಹೀಗೆ: ದ್ರವದ ಸೋಡಿಯಂ ಬ್ಯಾಟರಿ ಎಷ್ಟು ಹೆಣಗಾಡಿದ್ರೂ ಇವತ್ತಿನ ಎಲ್‌ಎಫ್‌ಪಿ (ಲೀಥಿಯಂ-ಕಬ್ಬಿಣ-ಫಾಸ್ಫೇಟ್) ಲೀಥಿಯಂ ಸೆಲ್ಲಿನ ಹತ್ತಿರ ಬಂದು ನಿಲ್ಲತ್ತೆ ಅಷ್ಟೇ, ಅಲ್ಲಿಂದ ಮೇಲೆ ಹೋಗ್ಬೇಕಂದ್ರೆ ಸೋಡಿಯಂ ಲೋಹ ಬೇಕೇ ಬೇಕು, ಲೋಹಕ್ಕೆ ಘನ ಎಲೆಕ್ಟ್ರೋಲೈಟ್ ಬೇಕು, ಫ್ಯಾಕ್ಟ್ರಿಲಿ ಮಾಡೋಕಾಗೋ ಘನ ಅಂದ್ರೆ ಪಾಲಿಮರ್. ಸೋಡಿಯಂ ಮೆತ್ತಗಿನ ಲೋಹ, ಚಾಕುಲಿ ಕೊಯ್ಯಬಹುದು, ಕಮ್ಮಿ ಒತ್ತಡದಲ್ಲೇ ಹಾಳೆಗೆ ಅಂಟ್ಕೊಂಡು ಕೂರತ್ತೆ ಅನ್ನೋದೂ ಅವರ ಕೈಲಿರೋ ಒಳ್ಳೆ ಕಾರ್ಡು.

ಬೇಡ ಅನ್ನೋರು ಕೇಳೋದು ದುಡ್ಡಿನ ಪ್ರಶ್ನೆ. ಸೋಡಿಯಂ ತಗೊಳ್ಳೋದೇ ಅಗ್ಗ ಅಂತ. ಸಾಲಿಡ್ ಸ್ಟೇಟ್ ತಗೊಳ್ಳೋದು ದುಬಾರಿ ಆದ್ರೂ ಪರವಾಗಿಲ್ಲ, ಜಾಸ್ತಿ ರೇಂಜ್ ಬೇಕು ಅನ್ನೋರು. ಈ ಎರಡು ಗಿರಾಕಿಗಳೂ ಬೇರೆ ಬೇರೆ. ಅಗ್ಗದ ಅಯಾನಿಗೆ ದುಬಾರಿ ಲವಣ, ತೇವ ಇಲ್ಲದ ದುಬಾರಿ ಡ್ರೈ ರೂಮ್, ದುಬಾರಿ ಪಾಲಿಮರ್ ಹಾಕಿ ಕೊನೆಗೆ ಮಾರೋದು ಯಾರಿಗೆ? ಫಾಸ್ಫೇಟ್ ಕ್ಯಾಥೋಡ್ (ಧನ ತುದಿ) ಇರೋ ದ್ರವದ ಸೋಡಿಯಂ ಸೆಲ್ ಈಗಾಗ್ಲೇ ಸಾಕಷ್ಟು ಸೇಫು, ಸೊನ್ನೆ ವೋಲ್ಟಿಗೆ ಇಳಿಸಿ ಸಾಗಿಸಬಹುದು, ಗ್ರಿಡ್ಡಿಗೆ ತೂಕ ಮುಖ್ಯನೇ ಅಲ್ಲ.

ಇದರಲ್ಲಿ ಎರಡನೇ ವಾದ ಸದ್ಯಕ್ಕೆ ಗಟ್ಟಿ ಅನ್ಸತ್ತೆ. ಆದ್ರೆ ಪೂರ್ತಿ ಅಲ್ಲ, ಯಾಕಂದ್ರೆ ಅದು ಲೋಹದ ಸೆಲ್ ಮಾತ್ರ ಲೆಕ್ಕಕ್ಕೆ ತಗೊಳ್ಳತ್ತೆ. ಜೆಲ್ ಪಾಲಿಮರ್ ಹಾಕೋಕೆ ಸೋಡಿಯಂ ಲೋಹನೇ ಬೇಕು ಅಂತಿಲ್ಲ, ಹಾರ್ಡ್ ಕಾರ್ಬನ್ ಜೊತೆಗೂ ಹಾಕಬಹುದು, ಸೋರಿಕೆ ತಪ್ಪತ್ತೆ, ಪೊರೆ ಕರಗೋದು ಕಮ್ಮಿ ಆಗಿ ಆಯಸ್ಸು ಹೆಚ್ಚತ್ತೆ. ಹತ್ತು ಹದಿನೈದು ವರ್ಷ ಒಂದೇ ಕಡೆ ಬಿಸಿಲಲ್ಲಿ ಕೂರೋ ಬ್ಯಾಟರಿಗೆ ಬೇಕಾಗಿರೋದು ರೇಂಜ್ ಅಲ್ಲ, ಆಯಸ್ಸು.

ಮುಂದೆ ಏನಾಗಬಹುದು

ಬಿಸಿಲಲ್ಲಿ ಕೂರೋ ಬ್ಯಾಟರಿ ನಮಗೆ ಎಷ್ಟು ಬೇಕು ಅನ್ನೋದಕ್ಕೆ ಲೆಕ್ಕ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ರಾಷ್ಟ್ರೀಯ ವಿದ್ಯುತ್ ಯೋಜನೆ ಪ್ರಕಾರ 2031-32ರ ಹೊತ್ತಿಗೆ ದೇಶಕ್ಕೆ ಸುಮಾರು 236 ಗಿಗಾವ್ಯಾಟ್-ಅವರ್ ಬ್ಯಾಟರಿ ಸ್ಟೋರೇಜ್ ಬೇಕು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಮಧ್ಯಾಹ್ನ ಬರೋ ಕರೆಂಟು ಸಂಜೆ ಏಳಕ್ಕೆ ಬೇಕು. ಮತ್ತೆ 2025ರ ಜುಲೈಯಲ್ಲಿ ಚೀನಾ ಬ್ಯಾಟರಿ ಕ್ಯಾಥೋಡ್ ಮಾಡೋ ತಂತ್ರಜ್ಞಾನವನ್ನ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿದ್ಮೇಲೆ ಎಲ್‌ಎಫ್‌ಪಿ ಒಂದನ್ನೇ ನಂಬ್ಕೊಂಡು ಕೂರೋದು ಎಷ್ಟು ಸರಿ ಅನ್ನೋ ಪ್ರಶ್ನೆ ಇಲ್ಲಿನ ಕಂಪನಿಗಳಿಗೂ ಬಂದಿದೆ. 2022ರಲ್ಲಿ ರಿಲಯನ್ಸ್ ಬ್ರಿಟನ್ನಿನ ಸೋಡಿಯಂ ಬ್ಯಾಟರಿ ಕಂಪನಿ ಫ್ಯಾರಡಿಯಾನ್ ಕೊಂಡ್ಕೊಂಡಿದ್ದು, 2023ರ ಡಿಸೆಂಬರಲ್ಲಿ ಪುಣೆಯ ಕೆಪಿಐಟಿ ಸೋಡಿಯಂ ತಂತ್ರಜ್ಞಾನ ತೋರಿಸಿದ್ದು ಇದೇ ದಿಕ್ಕಿನ ಹೆಜ್ಜೆಗಳು.

ಹಾಗಾಗಿ ಕ್ರಮ ಹೀಗಿರಬಹುದು ಅನ್ಸತ್ತೆ: ಮೊದಲು ದ್ರವದ ಸೋಡಿಯಂ ಸ್ಟೋರೇಜಲ್ಲಿ, ಸಣ್ಣ ಗಾಡಿಗಳಲ್ಲಿ, ಆಮೇಲೆ ಅದೇ ಸೆಲ್ಲಿಗೆ ಜೆಲ್ ಪಾಲಿಮರ್, ದ್ರವನೇ ಇಲ್ಲದ ಪಾಲಿಮರ್ ಮತ್ತೆ ಸೋಡಿಯಂ ಲೋಹ ಸೇರಿದ ಸೆಲ್ ಕೊನೇಲಿ, ಅದೂ ರೂಮಿನ ಉಷ್ಣಾಂಶದ ಪ್ರಶ್ನೆ ಬಗೆಹರಿದ್ರೆ. ‘ಸಾಲಿಡ್ ಸ್ಟೇಟ್ ಸೋಡಿಯಂ ಬರ್ತಿದೆ, ಈಗ ಸ್ಕೂಟರ್ ತಗೋಬೇಡಿ’ ಅನ್ನೋ ಸಲಹೆ ಕೇಳಿ ಕಾಯೋದ್ರಲ್ಲಿ ಅರ್ಥ ಇಲ್ಲ.

ಇನ್ನೊಂದು ಗಂಟು ಯುರೋಪಲ್ಲಿ ಬಿಗಿಯಾಗ್ತಿದೆ. ಒಳ್ಳೆ ರಿಸಲ್ಟ್ ಕೊಡೋ ಪಾಲಿಮರ್ ಎಲೆಕ್ಟ್ರೋಲೈಟುಗಳಲ್ಲಿ ಬಹಳಷ್ಟು ಫ್ಲೋರಿನ್ ಮೇಲೆ ನಿಂತಿವೆ: ಪಿವಿಡಿಎಫ್, ಆಸ್ಟ್ರೇಲಿಯಾದ ಬ್ಲಾಕ್ ಪಾಲಿಮರ್, ಎಲ್ಲರೂ ಹಾಕೋ ಟಿಎಫ್‌ಎಸ್‌ಐ ಲವಣ. 2023ರ ಜನವರೀಲಿ ಯುರೋಪಿನ ಐದು ದೇಶಗಳು ಇಟ್ಟಿರೋ ಪ್ರಸ್ತಾಪ ಒಪ್ಪಿಗೆ ಆದ್ರೆ ಪಿಎಫ್‌ಎಎಸ್ ಅನ್ನೋ, ಮಣ್ಣು ನೀರಲ್ಲಿ ಕೊಳೆಯದೇ ಉಳಿಯೋ ಫ್ಲೋರಿನ್ ರಾಸಾಯನಿಕಗಳಿಗೆ ಅಲ್ಲಿ ಕಡಿವಾಣ ಬೀಳತ್ತೆ, ಬ್ಯಾಟರಿಗೆ ವಿನಾಯ್ತಿ ಎಷ್ಟು ವರ್ಷ ಅನ್ನೋದರ ಮೇಲೆ ಜಗಳ ನಡೀತಿದೆ. ಉಪ್ಸಾಲಾದ ಪಾಲಿಕಾರ್ಬೊನೇಟ್ ದಾರಿಗೆ ಇದರಿಂದ ಬಲ ಬರಬಹುದು, ಆದ್ರೆ ಅಲ್ಲೂ ಫ್ಲೋರಿನ್ ಇಲ್ಲದ ಒಳ್ಳೆ ಸೋಡಿಯಂ ಲವಣ ಹುಡುಕ್ಬೇಕು. ಭಾರತದಲ್ಲಿ ಇದು ಉಲ್ಟಾ ಇದೆ, ಗುಜರಾತ್ ಫ್ಲೋರೊಕೆಮಿಕಲ್ಸ್ ತರದ ಕಂಪನಿಗಳು ಲೀಥಿಯಂ ಬ್ಯಾಟರಿಗೆ ಅಂತ ಪಿವಿಡಿಎಫ್, ಫ್ಲೋರಿನ್ ಲವಣ ಮಾಡೋಕೆ ಆಗಲೇ ದುಡ್ಡು ಹಾಕಿವೆ, ಸೋಡಿಯಂ ಲವಣಕ್ಕೆ ಹೊರಳೋದು ಅವರಿಗೆ ದೊಡ್ಡ ದೂರ ಅಲ್ಲ. ಅಂದ್ರೆ ಇಲ್ಲಿ ಜೆಲ್ ಪಾಲಿಮರಿಗೆ ಬೇಕಾದ ಸಾಮಾನು ಸಿಗತ್ತೆ, ಅದೇ ಸೆಲ್ಲನ್ನ ಯುರೋಪಿಗೆ ಮಾರೋಕೆ ಆಗತ್ತಾ ಅನ್ನೋದು ಅಲ್ಲಿನ ವಿನಾಯ್ತಿ ಪಟ್ಟಿ ಹೊರಬಿದ್ಮೇಲೇ ಗೊತ್ತಾಗೋದು.